ಬರಲಿರುವ ಬೋಳು

ಭವಿಷ್ಯವನ್ನು ತಿಳಿಯಬೇಕೆಂಬ ಚಪಲ ಮನುಷ್ಯನಿಗೆ ಹೊಸದಲ್ಲ. ಮಳೆ ಬಂದೀತೇ, ಮಗನಿಗೆ ಕೆಲಸ ಸಿಕ್ಕೀತೇ, ಮಗಳ ಮದುವೆ ಈ ಮಾಘದಲ್ಲಿಯಾದರೂ ಆದೀತೇ ಎಂದು ಪಂಚಾಂಗವನ್ನು ಬಿಡಿಸಿ ಕೂರುವ ಮನೆಗಳು ಇಂದಿಗೂ ಎಷ್ಟೋ ಉಂಟು. ಆದರೆ ಪಂಚಾಂಗಕ್ಕೂ ಎಟುಕದ ಪ್ರಶ್ನೆಯೊಂದಿದೆ: ಈ ತಲೆಯ ಮೇಲಿನ ಕೂದಲು ಇನ್ನೆಷ್ಟು ವರ್ಷ ನಿಂತೀತು? ಬಹುಕಾಲ ಇದು ಬರಿಯ ಕೌತುಕದ ಪ್ರಶ್ನೆಯಾಗಿತ್ತು. ಉತ್ತರ ತಿಳಿದರೂ ಮಾಡುವುದೇನೂ ಇರಲಿಲ್ಲ, ತಿಳಿಯದಿದ್ದರೂ ನಷ್ಟವಿರಲಿಲ್ಲ. ತಲೆಯ ಒಂದೆಡೆಯ ಕೂದಲನ್ನು ಬೇರುಸಹಿತ ತೆಗೆದು ಇನ್ನೊಂದೆಡೆ ನೆಡುವ ವಿದ್ಯೆ ಬಂದ ಮೇಲೆ ಆ ಪ್ರಶ್ನೆಗೆ ಬೆಲೆ ಬಂದಿತು; ತಪ್ಪು ಉತ್ತರಕ್ಕೆ ದಂಡವೂ ಬಂದಿತು.

ಬೋಳುತಲೆಯನ್ನು ಕಂಡು ನಗುವುದು ಹಳೆಯ ಚಾಳಿ. ಭರ್ತೃಹರಿಯ ನೀತಿಶತಕದ ಖಲ್ವಾಟನು ಬಿಸಿಲಿನ ಬೇಗೆಯನ್ನು ತಾಳಲಾರದೆ ಮರದ ನೆರಳಿಗೆ ಹೋದರೆ, ಅಲ್ಲಿ ಹಣ್ಣೊಂದು ಅವನ ನೆತ್ತಿಯ ಮೇಲೆಯೇ ಬೀಳುತ್ತದೆ. ರೋಮಿನ ಜೂಲಿಯಸ್ ಸೀಸರನಿಗೆ ದೊರೆತ ಗೌರವಗಳಲ್ಲಿ ಎಲೆಯ ಮಾಲೆಯನ್ನು ಸದಾ ತಲೆಗೆ ಧರಿಸುವ ಹಕ್ಕೇ ಬಹು ಪ್ರಿಯವಾಗಿತ್ತೆಂದು ಚರಿತ್ರಕಾರ ಸ್ಯುಟೋನಿಯಸನು ಬರೆದಿದ್ದಾನೆ. ಮಾಲೆಯ ಮಹಿಮೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. 2017ರಲ್ಲಿ ತೆರೆಗೆ ಬಂದ ‘ಒಂದು ಮೊಟ್ಟೆಯ ಕಥೆ’ಯ ಅಧ್ಯಾಪಕನಿಗೆ ಅಂತಹ ಮಾಲೆಯೂ ಇರಲಿಲ್ಲ. ಅವನು ಬೋಳುತಲೆಯನ್ನು ಹೊತ್ತೇ ಹೆಣ್ಣು ಹುಡುಕಬೇಕಾಯಿತು.

ಹೀಗೆ ಹೆಣ್ಣು ಹುಡುಕುವ ವಯಸ್ಸಿಗೆ ಬಂದ ತರುಣನೊಬ್ಬನು ಬೆಂಗಳೂರಿನಲ್ಲಿದ್ದಾನೆ. ವಯಸ್ಸು 25. ಒಳ್ಳೆಯ ಕೆಲಸ, ಒಳ್ಳೆಯ ಗುಣ. ಹಣೆ ಮಾತ್ರ ಎರಡು ವರ್ಷಗಳಿಂದ ಎರಡೂ ಪಕ್ಕಗಳಲ್ಲಿ ಮೇಲೇರುತ್ತಿದೆ. ಸ್ನಾನದ ಮನೆಯ ಜಾಲರಿಯಲ್ಲಿ ಸಿಕ್ಕುವ ಕೂದಲನ್ನು ಅವನು ತಾಯಿಗೆ ಕಾಣದಂತೆ ಎತ್ತಿ ಎಸೆಯುತ್ತಾನೆ. ತಾಯಿ ಅದನ್ನು ಕಂಡೂ ಕಾಣದಂತಿರುತ್ತಾಳೆ. ಹೆಣ್ಣಿನ ಮನೆಗಳಿಗೆ ಕಳುಹಿಸುವ ಭಾವಚಿತ್ರವು ಕಾಲೇಜಿನ ಕೊನೆಯ ವರ್ಷದ್ದು; ಅದರಲ್ಲಿ ಹುಬ್ಬಿನ ಮೇಲೆ ನಾಲ್ಕು ಬೆರಳಿಗೇ ಕೂದಲು ಸೊಂಪಾಗಿ ಆರಂಭವಾಗುತ್ತದೆ. ಎರಡು ವರ್ಷದ ಉಳಿತಾಯವನ್ನು ಕೈಯಲ್ಲಿಟ್ಟುಕೊಂಡು ಆ ಗೆರೆಯನ್ನೇ ಮರಳಿ ನೆಡಿಸಿಕೊಳ್ಳಬೇಕೆಂಬುದು ಅವನ ಸಂಕಲ್ಪವಾಗಿತ್ತು.

ಅವನ ಆಸೆಯೇನೂ ಆಧಾರವಿಲ್ಲದ್ದಲ್ಲ. ನ್ಯೂಯಾರ್ಕಿನ ವೈದ್ಯ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಇಂತಹ ಶಸ್ತ್ರಕ್ರಿಯೆಯನ್ನು ಮಾಡಿ, 1959ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಹಿಂದಲೆಯ ಕೂದಲನ್ನು ಮುಂದಲೆಗೆ ತಂದು ನೆಟ್ಟರೂ ಅದು ತನ್ನ ಹುಟ್ಟೂರಿನ ಗುಣವನ್ನು ಬಿಡುವುದಿಲ್ಲವೆಂಬುದೇ ಅವರು ಕಂಡ ಸತ್ಯ. ಹಿಂದೆ ಉದುರದಿದ್ದುದು ಮುಂದೆಯೂ ಬಹುಮಟ್ಟಿಗೆ ಉದುರದು. ನೆಟ್ಟ ಕೆಲವೇ ವಾರಗಳಲ್ಲಿ ಕೂದಲಿನ ಎಳೆ ಬಿದ್ದುಹೋಗುತ್ತದೆ. ಬೇರು ಉಳಿದಿದ್ದು ಮೂರು ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ. ಪೂರ್ತಿ ಫಲವನ್ನು ನೋಡಲು ವರ್ಷ ಬೇಕು. ಗದ್ದೆಯ ನಾಟಿಯನ್ನು ಕಂಡವರಿಗೆ ಇದು ಹೊಸದೆನಿಸದು. ವ್ಯತ್ಯಾಸ ಒಂದೇ. ಸಸಿಮಡಿಗೆ ಪ್ರತಿವರ್ಷವೂ ಹೊಸದಾಗಿ ಬೀಜ ಚೆಲ್ಲಬಹುದು. ಹಿಂದಲೆಯ ಮಡಿಯಲ್ಲಿ ಕಿತ್ತ ಸಸಿಯ ಜಾಗದಲ್ಲಿ ಇನ್ನೊಂದು ಹುಟ್ಟುವುದಿಲ್ಲ.

ಇಲ್ಲಿಂದ ಲೆಕ್ಕ ಆರಂಭವಾಗುತ್ತದೆ. ತುಂಬಿದ ತಲೆಯಲ್ಲಿ ಸುಮಾರು 1,00,000 ಕೂದಲುಗಳಿರುತ್ತವೆ. ಅವು ಒಂದರಿಂದ ನಾಲ್ಕರವರೆಗಿನ ಸಣ್ಣ ಗುಂಪುಗಳಾಗಿ ಬೆಳೆಯುತ್ತವೆ. ಹಿಂದಲೆ ವಿರಳವಾಗಿ ಕಾಣದಂತೆ ಸಾಮಾನ್ಯವಾಗಿ ಆಯುಷ್ಯದಲ್ಲಿ ತೆಗೆಯಬಹುದಾದ ಗುಂಪುಗಳು ಸುಮಾರು 6,000. ಕೆಲವರಲ್ಲಿ ಇನ್ನೂ ಕಡಿಮೆ. ನೆತ್ತಿಯೆಲ್ಲ ಬರಿದಾದವನಿಗೆ ಮೊದಲಿನ ಸಾಂದ್ರತೆ ತರಲು ಇದು ಏನೇನೂ ಸಾಲದು. ಎಂದ ಮೇಲೆ ಇದು ಮಾಸಿಕ ವರಮಾನವಲ್ಲ, ಪಿತ್ರಾರ್ಜಿತವಾದ ಇಡುಗಂಟು. 25ರಲ್ಲಿ ಹಣೆಯ ಗೆರೆಗೇ ಅದನ್ನೆಲ್ಲ ಸುರಿದವನಿಗೆ, 40ರಲ್ಲಿ ನೆತ್ತಿ ಕೈಚಾಚಿದಾಗ ಕೊಡುವುದಕ್ಕೇನು ಉಳಿದೀತು? ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನದು ಸರಿಯುತ್ತದೆ. ಬೋಳಿನ ನಡುವೆ ಹಸುರಾದ ನಡುಗಡ್ಡೆಯೊಂದು ಉಳಿಯುತ್ತದೆ. ಹೋಗಲಿ, ಎಲ್ಲವನ್ನೂ ಬೋಳಿಸಿಕೊಂಡು ನೆಮ್ಮದಿಯಾಗಿರೋಣವೆಂದರೆ ಹಿಂದಲೆಯ ಮೇಲಿನ ಕಲೆಗಳು ಹೊರಬೀಳುತ್ತವೆ.

ತರುಣನು ಕಂಡ ವೈದ್ಯರು ಕತ್ತರಿಯ ಮಾತನ್ನೇ ಎತ್ತದೆ, “ನಿಮ್ಮ ಮನೆಯ ಹಿರಿಯರ ಚಿತ್ರಗಳಿದ್ದರೆ ತನ್ನಿ” ಎಂದರು. ತಾಯಿಯ ತವರಿನ ಹಳೆಯ ಆಲ್ಬಮ್ ಬಂದಿತು. ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೆ. ಮುತ್ತಜ್ಜನು ಮುಂದಲೆಯನ್ನು ಬೋಳಿಸಿ ಜುಟ್ಟು ಬಿಟ್ಟವನು. ಅವನ ಬೋಳಿನಲ್ಲಿ ಕ್ಷೌರಿಕನದೆಷ್ಟು, ಪ್ರಕೃತಿಯದೆಷ್ಟು ಎಂದು ಬೇರ್ಪಡಿಸುವವರಾರು? ತಾಯಿಯ ತಂದೆ ಮದುವೆಯ ಚಿತ್ರದಲ್ಲಿ ಜರಿಯ ಪೇಟವನ್ನು ಧರಿಸಿದ್ದರು. ಆಮೇಲಿನ ಚಿತ್ರಗಳಲ್ಲೆಲ್ಲ ಕರಿಯ ಟೋಪಿ. ಉಳಿದ ಸಾಕ್ಷಿ ಅಜ್ಜಿಯೊಬ್ಬಳೇ.

“ಅಜ್ಜೀ, ತಾತನಿಗೆ ಕೂದಲು ಯಾವಾಗ ಹೋಯಿತು?”

“ನನಗೇನು ಗೊತ್ತೋ ಮಗು! ಮದುವೆಯ ದಿನ ಪೇಟ ಇತ್ತು. ಮಾರನೆಯ ದಿನ ಎಣ್ಣೆನೀರಿಗೆ ಕೂತಾಗ ನೋಡಿದೆ. ಆಗ ಅವರಿಗೆ ಇಪ್ಪತ್ತಾರು.”

“ಆಮೇಲೆ ಏನು ಮಾಡಿದೆ?”

“ಏನು ಮಾಡುವುದು? ಎಣ್ಣೆ ಉಳಿಯಿತು.”

ತಾಯಿಯ ತಂದೆಯಂತೆಯೇ ಮೊಮ್ಮಗನ ತಲೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅದರಲ್ಲಿ ಸತ್ಯಾಂಶವುಂಟು, ಪೂರ್ಣ ಸತ್ಯವಿಲ್ಲ. ಪುರುಷ ಹಾರ್ಮೋನಿನ ಕರೆಗೆ ಓಗೊಡುವ ಮುಖ್ಯವಾದೊಂದು ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಗನಿಗೆ ಅದು ತಾಯಿಯಿಂದಲೇ ಬರುತ್ತದೆ. ಆದರೆ ತಾಯಿಗೆ ಅದು ಅವಳ ತಂದೆಯಿಂದ ಬಂದುದೂ ಆಗಬಹುದು, ತಾಯಿಯಿಂದ ಬಂದುದೂ ಆಗಬಹುದು. ಅದಲ್ಲದೆ ಬ್ರಿಟನ್ನಿನ 52,000ಕ್ಕೂ ಹೆಚ್ಚು ಪುರುಷರ ಮಾಹಿತಿಯಿಂದ 2017ರಲ್ಲಿ ಹೊರಬಂದ ಅಧ್ಯಯನವೊಂದು ಬೋಳಿಗೆ ಸಂಬಂಧಿಸಿದ 287 ಆನುವಂಶಿಕ ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಬಹುಪಾಲು ಎಕ್ಸ್ ವರ್ಣತಂತುವಿನ ಹೊರಗಿವೆ. ತಂದೆಯ ಕಡೆಯವರೂ ನಿರಪರಾಧಿಗಳಲ್ಲ. ಇಷ್ಟನ್ನೆಲ್ಲ ಅಳೆದರೂ ಸಾವಿರ ಜನರಲ್ಲಿ ಯಾವ ಗುಂಪಿಗೆ ಅಪಾಯ ಹೆಚ್ಚೆಂದು ಹೇಳಬಹುದೇ ಹೊರತು, ಇಂಥವನ ನೆತ್ತಿ ಇಂಥ ವರ್ಷ ಬರಿದಾಗುವುದೆಂದು ಹೇಳಲಾಗದು.

ಅಳತೆಗೋಲುಗಳು ಇಲ್ಲವೆಂದಲ್ಲ. ಹಾರ್ಮೋನಿಗೂ ಬೋಳಿಗೂ ಇರುವ ನಂಟನ್ನು 1942ರಲ್ಲಿ ತೋರಿಸಿದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಬೋಳಿನ ಹಂತಗಳನ್ನು ವಿಂಗಡಿಸಿದರು. 1975ರಲ್ಲಿ ನಾರ್ವುಡ್ ಅದನ್ನು ತಿದ್ದಿ ಏಳು ಹಂತಗಳಾಗಿ ನಿಲ್ಲಿಸಿದರು. ಆ ಪಟ್ಟಿಯು ಇಂದು ಯಾವ ಮೆಟ್ಟಿಲಿನಲ್ಲಿದ್ದಾನೆಂದು ಹೇಳುತ್ತದೆ. ಎಲ್ಲಿ ನಿಲ್ಲುವನೆಂದು ಹೇಳುವುದಿಲ್ಲ. ಅದಕ್ಕಿಂತ ಉಪಯುಕ್ತವಾದದ್ದು ಭೂತಗನ್ನಡಿ. ಬೋಳಾಗುವ ಕಡೆ ಕೂದಲು ಒಮ್ಮೆಗೇ ಹೋಗುವುದಿಲ್ಲ. ಪ್ರತಿ ಸಲ ಉದುರಿ ಹುಟ್ಟುವಾಗಲೂ ಹಿಂದಿನದಕ್ಕಿಂತ ತೆಳುವಾಗಿ, ಗಿಡ್ಡವಾಗಿ ಹುಟ್ಟುತ್ತದೆ. ಸುಮಾರು ಅರ್ಧದಷ್ಟು ಸಾಂದ್ರತೆ ಹೋಗುವವರೆಗೂ ಕಣ್ಣಿಗೆ ಕಾಣದಿರಬಹುದು. ತರುಣನ ನೆತ್ತಿಯ ಮೇಲೆ ಮಸೂರವನ್ನಿಟ್ಟಾಗ ದಪ್ಪ ಎಳೆಗಳ ನಡುವೆ ನವುರಾದ ಎಳೆಗಳು ಬೇಕಾದಷ್ಟು ಕಂಡವು. ಅವನು ತುಂಬಿದೆಯೆಂದು ಭಾವಿಸಿದ್ದ ನೆತ್ತಿಯೂ ಹೊರಡುವ ಸಿದ್ಧತೆಯಲ್ಲಿತ್ತು. ಹಿಂದಲೆಯ ಮಡಿ ಮಾತ್ರ ಗಟ್ಟಿಯಾಗಿತ್ತು.

“ಬೇಗನೆ ಆರಂಭವಾದದ್ದು ಸಾಮಾನ್ಯವಾಗಿ ಬಹಳ ದೂರ ಹೋಗುತ್ತದೆ. ನಿಮ್ಮ ತಲೆ ತಾತನವರ ತಲೆಯಂತೆಯೇ ಆಗುವುದೆಂದಿಟ್ಟುಕೊಂಡು ಲೆಕ್ಕ ಹಾಕೋಣ. ಆಗದಿದ್ದರೆ ಸಂತೋಷ. ಈಗಲೇ ನೆಡುವುದು ಬೇಡ” ಎಂದರು ವೈದ್ಯರು.

ಅವರು ಔಷಧದ ಮಾತನ್ನು ಮುಂದಿಟ್ಟರು. ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1988ರಲ್ಲಿ. ನುಂಗುವ ಫಿನಾಸ್ಟರೈಡ್‌ಗೆ 1997ರಲ್ಲಿ. ಇವು ಇರುವ ಕೂದಲನ್ನು ಹಲವರಲ್ಲಿ ಉಳಿಸುತ್ತವೆ, ಕೆಲವರಲ್ಲಿ ಸ್ವಲ್ಪ ಬೆಳೆಸುತ್ತವೆ. ಬಿಟ್ಟರೆ ಲಾಭವೂ ಬಿಟ್ಟುಹೋಗುತ್ತದೆ. ಎರಡನೆಯದರಿಂದ ಕೆಲವರಿಗೆ ದಾಂಪತ್ಯಕ್ಕೆ ಸಂಬಂಧಿಸಿದ ತೊಂದರೆಗಳು ಬರುವುದುಂಟು. ಆದುದರಿಂದ ಕೇಳಿ ತಿಳಿದು ವೈದ್ಯರ ಕಣ್ಣಿನ ಕೆಳಗೇ ತೆಗೆದುಕೊಳ್ಳಬೇಕು. ವರ್ಷವೊಂದು ಕಳೆದ ಮೇಲೆ ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ಹೋಲಿಸಿ ನೋಡಬೇಕು. ಮುಂದೆ ನೆಡುವುದೇ ಆದರೆ ಗೆರೆ ಕಾಲೇಜು ಹುಡುಗನದಾಗಿರದೆ, 50 ವರ್ಷದ ಗೃಹಸ್ಥನ ಮುಖಕ್ಕೂ ಒಪ್ಪುವಷ್ಟು ಮೇಲಿರಬೇಕು.

ವೈದ್ಯರ ಮಾತು ತಾಯಿಗೆ ಹಿಡಿಸಲಿಲ್ಲ. “ಮದುವೆ ಆಗುವವರೆಗಾದರೂ ನಿಂತರೆ ಸಾಕು. ಆಮೇಲೆ ಯಾರು ನೋಡುತ್ತಾರೆ?” ಎಂದಳು.

“ಆಮೇಲೆ ನೋಡುವವಳು ಒಬ್ಬಳಿರುತ್ತಾಳಲ್ಲಮ್ಮ” ಎಂದನು ಮಗ.

ಅಜ್ಜಿ ಮಣೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ. “ನನಗೆ ಬೋಳಿನ ಮೇಲೆ ಸಿಟ್ಟು ಬರಲಿಲ್ಲ. ಪೇಟದ ಮೇಲೆ ಬಂದಿತ್ತು” ಎಂದಷ್ಟೇ ಹೇಳಿದಳು.

ಮುಂದಿನ ಭಾನುವಾರ ತರುಣನು ಹೊಸದಾಗಿ ಭಾವಚಿತ್ರ ತೆಗೆಸಿಕೊಂಡನು. ಕೂದಲನ್ನು ಹಿಂದಕ್ಕೆ ಬಾಚಿದ್ದಾನೆ. ಹಣೆ ಇದ್ದಷ್ಟೂ ಕಾಣುತ್ತದೆ. ಕಾಲೇಜಿನ ಚಿತ್ರದ ಬದಲು ಅದನ್ನೇ ಹೆಣ್ಣಿನ ಮನೆಗಳಿಗೆ ಕಳುಹಿಸುವಂತೆ ತಾಯಿಯನ್ನು ಒಪ್ಪಿಸಿದನು. ಉಳಿತಾಯದ ಹಣ ಬ್ಯಾಂಕಿನಲ್ಲಿದೆ. ಹಿಂದಲೆಯ ಇಡುಗಂಟು ಹಿಂದಲೆಯಲ್ಲಿದೆ. ಎರಡು ಮನೆಯವರು ಉತ್ತರವನ್ನೇ ಕೊಡಲಿಲ್ಲ. ಮೂರನೆಯ ಮನೆಯವರು ಜಾತಕವನ್ನು ಕೇಳಿದ್ದಾರೆ.