ದಾನದ ಹಸುವಿಗೆ ಹುಲ್ಲು ಹಾಕುವವರು ಯಾರು?

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬುದು ಹಿರಿಯರ ಮಾತು. ಹಸುವಿನ ಮಟ್ಟಿಗೆ ಅದು ಸರಿ. ಆದರೆ ದಾನವಾಗಿ ಬಂದ ಕಂಪ್ಯೂಟರಿನ ಹಲ್ಲನ್ನು ಎಣಿಸಲೇಬೇಕು. ಹಸು ಬಂದ ಮನೆಯಲ್ಲಿ ಹಾಲು ಕರೆಯಬಲ್ಲವರು ಒಬ್ಬರಾದರೂ ಇರುತ್ತಾರೆ. ಕಂಪ್ಯೂಟರು ಬಂದ ಅನಾಥಾಲಯದಲ್ಲಿ, ವೃದ್ಧಾಶ್ರಮದಲ್ಲಿ, ಬಡಮಕ್ಕಳ ಉಚಿತ ವಿದ್ಯಾರ್ಥಿನಿಲಯದಲ್ಲಿ ಅದನ್ನು ಬಲ್ಲವರು ಇರುತ್ತಾರೆಂಬ ಭರವಸೆಯಿಲ್ಲ. ದಾನಿಗಳು ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಯಂತ್ರ ವಾರ್ಡನ್ನರ ಕೋಣೆಯ ಮೂಲೆಯಲ್ಲಿ ಹಳೆಯ ಪಂಚೆ ಹೊದ್ದು ಮಲಗಿರುತ್ತದೆ. ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಅರಿಶಿನ ಕುಂಕುಮದ ಯೋಗ.

ಅನ್ನ, ಬಟ್ಟೆ, ಔಷಧಿ ಕೊಡುವ ಸಂಸ್ಥೆಗಳಿಗೆ ಈ ಯಂತ್ರದ ಹಂಗಾದರೂ ಏಕೆ ಎಂದು ಕೇಳುವವರಿದ್ದಾರೆ. ಕಾಲ ಬದಲಾಗಿದೆ. ಆದಾಯ ತೆರಿಗೆಯ 80ಜಿ ವಿನಾಯಿತಿ ಪಡೆದ ಸಂಸ್ಥೆಗಳು ತಮಗೆ ದಾನ ಕೊಟ್ಟವರ ವಿವರವನ್ನು ವರ್ಷಕ್ಕೊಮ್ಮೆ ಆನ್‌ಲೈನ್ ಮೂಲಕವೇ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 2021-22ನೇ ಆರ್ಥಿಕ ವರ್ಷದಿಂದ ಜಾರಿಗೆ ಬಂತು. ಅದಕ್ಕೆ ಮೇ 31ರ ಗಡುವು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಹೆಸರು ಅಥವಾ ಪ್ಯಾನ್ ಸಂಖ್ಯೆ ತಪ್ಪಾದರೆ ದಾನಿಗೆ ಸಿಗಬೇಕಾದ ತೆರಿಗೆ ರಿಯಾಯಿತಿಗೂ ತೊಡಕು. ಒಮ್ಮೆ ಹೀಗೆ ಬೇಸರಗೊಂಡ ದಾನಿ ಮರುವರ್ಷ ಆ ಬಾಗಿಲಿಗೆ ಬರುವನೆ? ಕೊನೆಗೆ ಆ ತಪ್ಪಿನ ಬೆಲೆ ತೆರುವುದು ಮಕ್ಕಳ ತಟ್ಟೆಯ ಅನ್ನವೇ.

ತಾಲ್ಲೂಕು ಕೇಂದ್ರವೊಂದರ ಇಂತಹ ವಿದ್ಯಾರ್ಥಿನಿಲಯವನ್ನು ಕಲ್ಪಿಸಿಕೊಳ್ಳಿ. ನಲವತ್ತು ಮಕ್ಕಳು, ಇಬ್ಬರು ಅಡುಗೆಯವರು, ಐವತ್ತು ದಾಟಿದ ಒಬ್ಬ ವಾರ್ಡನ್ ಅಮ್ಮ. ಊರಿನ ಕಾಲೇಜು ಹುಡುಗನೊಬ್ಬ ಉತ್ಸಾಹದಿಂದ ಬಂದು ದಾನಿಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾನೆ. ಸಂಸ್ಥೆಗೊಂದು ಇ-ಮೇಲ್ ವಿಳಾಸವನ್ನೂ ಮಾಡಿಕೊಡುತ್ತಾನೆ. ಎಲ್ಲರಿಗೂ ಸಂತೋಷ. ಎರಡು ವರ್ಷದ ಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ. ಪಟ್ಟಿ ಅವನ ಲ್ಯಾಪ್‌ಟಾಪಿನಲ್ಲಿ, ಪಾಸ್‌ವರ್ಡ್ ಅವನ ತಲೆಯಲ್ಲಿ, ಇ-ಮೇಲ್ ಅವನ ಮೊಬೈಲ್ ಸಂಖ್ಯೆಯಲ್ಲಿ. ಮೇ ತಿಂಗಳ ಕೊನೆಯ ವಾರ ವಾರ್ಡನ್ ಅಮ್ಮ ಅವನಿಗೆ ಫೋನು ಮಾಡುತ್ತಲೇ ಇರುತ್ತಾರೆ. ಅವನು ಮೀಟಿಂಗಿನಲ್ಲಿರುತ್ತಾನೆ.

ಇಲ್ಲಿ ಹುಡುಗನೂ ಕೆಟ್ಟವನಲ್ಲ, ವಾರ್ಡನ್ ಅಮ್ಮನೂ ದಡ್ಡರಲ್ಲ. ಸಹಾಯ ಕೇಳುವುದು ಹೇಗೆ, ಕೊಡುವುದು ಹೇಗೆ ಎಂಬ ಪಾಠವನ್ನು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಈ ಪಾಠವನ್ನು ಬಹಳ ಹಿಂದೆಯೇ ಕಲಿಯಲು ಹೊರಟವರೂ ಇದ್ದಾರೆ. 1987ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇನಿಯಲ್ ಬೆನ್-ಹೋರಿನ್ ಎಂಬವರು ‘ಕಂಪ್ಯುಮೆಂಟರ್’ ಎಂಬ ಸಂಸ್ಥೆ ಆರಂಭಿಸಿದರು. ಕಂಪ್ಯೂಟರ್ ಬಲ್ಲ ಸ್ವಯಂಸೇವಕರನ್ನೂ ಅದು ತಿಳಿಯದೆ ಒದ್ದಾಡುತ್ತಿದ್ದ ಸೇವಾಸಂಸ್ಥೆಗಳನ್ನೂ ಜೋಡಿ ಮಾಡುವುದೇ ಅದರ ಕೆಲಸ. ಒಂದು ಬಗೆಯಲ್ಲಿ ಮದುವೆ ದಲ್ಲಾಳಿಯ ಕೆಲಸವೆನ್ನಿ. ಹೆಸರಿನಲ್ಲಿರುವ ‘ಮೆಂಟರ್’ ಎಂಬ ಮಾತನ್ನು ಗಮನಿಸಬೇಕು. ಅದಕ್ಕೆ ರಿಪೇರಿ ಮಾಡುವವನು ಎಂದು ಅರ್ಥವಲ್ಲ, ಪಕ್ಕದಲ್ಲಿ ಕುಳಿತು ಹೇಳಿಕೊಡುವವನು ಎಂದರ್ಥ. ಮುಂದೆ ಇದೇ ಸಂಸ್ಥೆ ‘ಟೆಕ್‌ಸೂಪ್’ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿತು. ಕಂಪನಿಗಳು ದಾನವಾಗಿಯೋ ರಿಯಾಯಿತಿಯಲ್ಲಿಯೋ ಕೊಡುವ ತಂತ್ರಾಂಶಗಳನ್ನು ಭಾರತದ ನೋಂದಾಯಿತ ಸೇವಾಸಂಸ್ಥೆಗಳೂ ಅದರ ಮೂಲಕ ಪಡೆಯಬಹುದು.

ಜೋಡಿ ಕೂಡಿಬರಬೇಕಾದರೆ ಮೊದಲು ಕೇಳುವವರಿಗೆ ಕೇಳಲು ಬರಬೇಕು. ವೈದ್ಯರ ಬಳಿ ಹೋಗಿ ‘ಮೈಯೆಲ್ಲಾ ನೋವು’ ಎಂದರೆ ಅವರು ಒಂದು ಟಾನಿಕ್ಕು ಬರೆದುಕೊಟ್ಟು ಕಳಿಸಿಯಾರು. ‘ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ನೋಯುತ್ತದೆ’ ಎಂದರೆ ಚಿಕಿತ್ಸೆ ಅರ್ಧ ಆದಂತೆಯೇ. ‘ನಮ್ಮ ಸಂಸ್ಥೆಯನ್ನು ಕಂಪ್ಯೂಟರೀಕರಣ ಮಾಡಿಕೊಡಿ’ ಎಂಬುದು ಮೈಯೆಲ್ಲಾ ನೋವಿನ ಜಾತಿಗೆ ಸೇರಿದ ಕೋರಿಕೆ. ಅದನ್ನು ಕೇಳಿದ ಸ್ವಯಂಸೇವಕ ಹೆದರಿ ಓಡುತ್ತಾನೆ. ಇಲ್ಲವೇ ಯಾರಿಗೂ ಬೇಡದ ಒಂದು ಬಣ್ಣದ ಜಾಲತಾಣ ಮಾಡಿಟ್ಟು ಹೋಗುತ್ತಾನೆ. ಅದರ ಬದಲು ಹೀಗೆ ಬರೆದುಕೊಟ್ಟರೆ ಹೇಗೆ? ‘ನಮ್ಮಲ್ಲಿ ಸುಮಾರು ಮುನ್ನೂರು ದಾನಿಗಳ ಹೆಸರು ಮೂರು ನೋಟ್‌ಬುಕ್ಕುಗಳಲ್ಲಿವೆ. ಇವುಗಳನ್ನು ಒಂದೇ ಪಟ್ಟಿ ಮಾಡಬೇಕು. ನಮ್ಮ ಗುಮಾಸ್ತರಿಗೆ ಹೊಸ ಹೆಸರು ಸೇರಿಸುವುದನ್ನು ಕಲಿಸಬೇಕು. ಆರು ಶನಿವಾರ, ದಿನಕ್ಕೆ ಎರಡು ಗಂಟೆ ಸಾಕು.’ ಇಂತಹ ಕೋರಿಕೆಗೆ ಆದಿಯಿದೆ, ಅಂತ್ಯವಿದೆ. ಒಪ್ಪಿಕೊಳ್ಳುವವನಿಗೆ ತಾನು ಯಾವುದಕ್ಕೆ ಒಪ್ಪಿದೆ ಎಂಬುದು ಗೊತ್ತಿರುತ್ತದೆ.

ಕೋರಿಕೆ ಸ್ಪಷ್ಟವಾಗಿದ್ದರೆ ಕೈಗಳು ಹೇಗೆ ಕೂಡುತ್ತವೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಎರಡು ಉದಾಹರಣೆಗಳಿವೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಶ್ರೀಲಂಕಾ ತತ್ತರಿಸಿದಾಗ ಅಲ್ಲಿನ ತಂತ್ರಾಂಶ ತಜ್ಞರು ಸ್ವಯಂಪ್ರೇರಣೆಯಿಂದ ಸೇರಿ ‘ಸಹನ’ ಎಂಬ ತಂತ್ರಾಂಶ ರಚಿಸಿದರು. ಸಿಂಹಳ ಭಾಷೆಯಲ್ಲಿ ಆ ಮಾತಿಗೆ ‘ಪರಿಹಾರ’ ಎಂದರ್ಥವಂತೆ. ಕನ್ನಡದ ಸಹನೆಯೂ ಅಲ್ಲಿ ಬೇಕಾಗಿದ್ದಿರಬಹುದು. ಕಾಣೆಯಾದವರು ಯಾರು, ಯಾವ ಶಿಬಿರದಲ್ಲಿ ಎಷ್ಟು ಜನ, ಯಾವ ಸಂಸ್ಥೆ ಎಲ್ಲಿ ಕೆಲಸ ಮಾಡುತ್ತಿದೆ, ಎಲ್ಲಿ ಏನು ಬೇಕು ಎಂಬ ನೇರ ಪ್ರಶ್ನೆಗಳಿಗೆ ಉತ್ತರ ಒದಗಿಸುವುದೇ ಅದರ ಉದ್ದೇಶ. ಅದರ ಮೂಲ ಸಂಕೇತಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಇಟ್ಟಿದ್ದರಿಂದ 2005ರ ಪಾಕಿಸ್ತಾನದ ಭೂಕಂಪದ ವೇಳೆಗೂ ಅದು ಒದಗಿಬಂತು.

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗಲೂ ಹೀಗೆಯೇ ಆಯಿತು. ರಾಜ್ಯದ ಐಟಿ ಮಿಷನ್ ಜೊತೆ ಸೇರಿ ತರುಣ ಎಂಜಿನಿಯರುಗಳು, ವಿದ್ಯಾರ್ಥಿಗಳು ‘ಕೇರಳ ರೆಸ್ಕ್ಯೂ’ ಎಂಬ ಜಾಲತಾಣವನ್ನು ಕಟ್ಟಿ ನಿಲ್ಲಿಸಿದರು. ನೆರವು ಬೇಕಾದವರು ತಾವಿರುವ ಜಾಗ, ಫೋನ್ ಸಂಖ್ಯೆ, ಬೇಕಾದದ್ದೇನು ಎಂಬುದನ್ನು ಅಲ್ಲಿ ತುಂಬಿದರು. ಬಂದ ಕರೆ ನಿಜವೇ ಎಂದು ಫೋನು ಮಾಡಿ ವಿಚಾರಿಸಿದವರೂ ಸ್ವಯಂಸೇವಕರೇ. ಎಲ್ಲಿಯೋ ಕುಳಿತಿದ್ದ ಹುಡುಗನ ಬೆರಳ ತುದಿಯ ಕೆಲಸ, ಛಾವಣಿಯ ಮೇಲೆ ನಿಂತಿದ್ದ ಸಂಸಾರಕ್ಕೆ ದೋಣಿಯ ದಾರಿ ತೋರಿಸುವ ಕೆಲಸವಾಯಿತು.

ಆದರೆ ಪ್ರವಾಹಕ್ಕೆ ಸಾವಿರ ಕೈ ಕೂಡುವುದು ಸುಲಭ. ಮಂಗಳವಾರ ಮಧ್ಯಾಹ್ನ ಪ್ರಿಂಟರು ಕೆಟ್ಟರೆ ಒಂದು ಕೈಯೂ ಸಿಗುವುದಿಲ್ಲ. ಸೇವಾಸಂಸ್ಥೆಗಳ ನಿಜವಾದ ಕಷ್ಟ ಇರುವುದು ಈ ಮಂಗಳವಾರದಲ್ಲಿ. ಹಾಗಾದರೆ ಆ ಕೈಯನ್ನು ಎಲ್ಲಿ ಹುಡುಕಬೇಕು?

ಮೊದಲ ಬಾಗಿಲು ಊರಿನ ಕಾಲೇಜಿನದು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಎನ್ನೆಸ್ಸೆಸ್ ಎಂದರೆ ಗಿಡ ನೆಡುವುದು, ಚರಂಡಿ ಶುಚಿ ಮಾಡುವುದು ಎಂದೇ ನಾವು ತಿಳಿದಿದ್ದೇವೆ. ಅವೂ ಬೇಕು. ಜೊತೆಗೆ ವೃದ್ಧಾಶ್ರಮದ ಔಷಧಿ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವುದೂ ಸೇವೆಯೇ ತಾನೆ? ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಾಮಾಜಿಕ ಕೆಲಸಗಳಿಂದ ಗಳಿಸಬೇಕಾದ 100 ಚಟುವಟಿಕೆ ಅಂಕಗಳ ಪದ್ಧತಿಯೂ ಇದೆ. ಕಾಲೇಜಿನ ಯೋಜನಾಧಿಕಾರಿಯ ಕೈಗೆ ಮೇಲೆ ಹೇಳಿದಂತಹ ಒಂದು ಪುಟದ ಕೋರಿಕೆಯನ್ನು ಕೊಟ್ಟು ಬಂದರೆ ಬರಿಗೈಯಲ್ಲಿ ಮರಳುವ ಸಂಭವ ಕಡಿಮೆ.

ಎರಡನೆಯ ಬಾಗಿಲು ಕಂಪನಿಗಳದು. 2013ರ ಕಂಪನಿ ಕಾಯಿದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು. ಹಣದ ಜೊತೆಗೆ ತಮ್ಮ ನೌಕರರನ್ನು ಸೇವೆಗೆ ಕಳಿಸುವ ಕಂಪನಿಗಳೂ ಬಹಳ. ಹಣಕ್ಕೆ ಕೈಚಾಚುವ ಸಂಸ್ಥೆಗಳು ‘ನಿಮ್ಮ ಒಬ್ಬ ಎಂಜಿನಿಯರನ್ನು ತಿಂಗಳಿಗೊಂದು ಶನಿವಾರ ಕಳಿಸಿ’ ಎಂದು ಕೇಳುವುದನ್ನು ಮರೆಯುತ್ತವೆ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವು ಆನ್‌ಲೈನ್ ಮೂಲಕ ದೂರದ ನುರಿತವರನ್ನು ಉಚಿತವಾಗಿ ಜೋಡಿಸಿಕೊಡುವ ವ್ಯವಸ್ಥೆ ನಡೆಸುತ್ತಿದೆ.

ಮೂರನೆಯ ಬಾಗಿಲನ್ನು ಯಾರೂ ತಟ್ಟುವುದೇ ಇಲ್ಲ. ಅದು ನಿವೃತ್ತರ ಮನೆಯ ಬಾಗಿಲು. ಬ್ಯಾಂಕು, ದೂರವಾಣಿ, ವಿಮಾ ಕಚೇರಿಗಳಲ್ಲಿ ಲೆಡ್ಜರಿನಿಂದ ಕಂಪ್ಯೂಟರಿಗೆ ಹೊರಳಿದ ಕಾಲವನ್ನು ಕಂಡವರು ಅವರು. ಐವತ್ತು ದಾಟಿದವರಿಗೆ ಕಲಿಸುವುದು ಎಷ್ಟು ಕಷ್ಟ, ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರು ಪುಣೆಗೂ ಹೋಗುವುದಿಲ್ಲ!

ಸ್ವಯಂಸೇವಕ ಸಿಕ್ಕಿದ ಮೇಲೆ ಸಂಸ್ಥೆ ಪಾಲಿಸಬೇಕಾದ ಕೆಲವು ನಿಯಮಗಳಿವೆ. ಇ-ಮೇಲ್, ಜಾಲತಾಣ, ಬ್ಯಾಂಕಿನ ಸಂಪರ್ಕ ಎಲ್ಲವೂ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಫೋನ್ ಸಂಖ್ಯೆಯಲ್ಲೇ ಇರಬೇಕು. ಪಾಸ್‌ವರ್ಡ್‌ಗಳು ಜವಾಬ್ದಾರಿಯುತರಾದ ಇಬ್ಬರಿಗೆ ತಿಳಿದಿರಬೇಕು. ಬರೆದಿಟ್ಟ ಹಾಳೆ ಬೀರುವಿನ ಬೀಗದೊಳಗಿರಬೇಕು. ಮುಖ್ಯ ಮಾಹಿತಿಗೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಕಟ್ಟಡದ ಹೊರಗಿರಲಿ. ಸಿಡಿಲು ಬಡಿದರೆ, ಮಳೆ ನೀರು ನುಗ್ಗಿದರೆ ಉಳಿಯುವುದು ಹೊರಗಿನದೊಂದೇ.

ಹಳೆಯ ಯಂತ್ರ ದಾನ ಬಂದಾಗಲೂ ಎಚ್ಚರ ಬೇಕು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂತಹ ಹಲವು ಯಂತ್ರಗಳಿಗೆ ಮುಂದಿನ ಆವೃತ್ತಿ ಒಗ್ಗುವುದೂ ಇಲ್ಲ. ಆದರೆ ಉಚಿತವಾದ ಲಿನಕ್ಸ್ ಹಾಕಿಕೊಟ್ಟರೆ ಇವುಗಳಲ್ಲಿ ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ಬೆಳೆಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಕೂಲಿಕಾರರ ಮಕ್ಕಳು ಕಲಿತದ್ದು ಇಂತಹ ಉಚಿತ ತಂತ್ರಾಂಶಗಳಲ್ಲೇ. ಅಂಧರಿಗಾಗಿ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವೂ ಉಚಿತ. ಅದನ್ನು 2006ರಲ್ಲಿ ಬರೆಯತೊಡಗಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಅಂಧರು. ಅದು ಕನ್ನಡವನ್ನೂ ಓದಬಲ್ಲದು. ಇದನ್ನು ಅಂಧರ ಸಂಸ್ಥೆಯೊಂದರ ಕಂಪ್ಯೂಟರಿನಲ್ಲಿ ಅಳವಡಿಸಿ ಕಲಿಸುವುದು ಪದವಿ ವಿದ್ಯಾರ್ಥಿಯೊಬ್ಬನಿಗೆ ಕೆಲವು ಶನಿವಾರಗಳ ಕೆಲಸವಷ್ಟೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಕ್ಕಳ ಪಾಲನಾ ಸಂಸ್ಥೆಗಳ ಕಂಪ್ಯೂಟರಿನಲ್ಲಿ ಇರುವುದು ಬರಿಯ ಅಕ್ಷರ, ಅಂಕಿಗಳಲ್ಲ. ಯಾವ ಮಗು ಎಲ್ಲಿಂದ ಬಂತು, ಏಕೆ ಬಂತು ಎಂಬ ನೋವಿನ ಕಥೆ ಅಲ್ಲಿರುತ್ತದೆ. 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಮಿನ ಪ್ರಕಾರ ಅಂತಹ ಮಗುವಿನ ಗುರುತನ್ನು ಪ್ರಕಟಿಸುವುದು ಅಪರಾಧ. ಆದ್ದರಿಂದ ಅಭ್ಯಾಸಕ್ಕೆ ಕಲ್ಪಿತ ಹೆಸರುಗಳನ್ನು ಬಳಸಬೇಕು, ನಿಜವಾದ ಕಡತಗಳನ್ನು ಸಂಸ್ಥೆಯವರೇ ತುಂಬಬೇಕು. ಸ್ವಯಂಸೇವಕನ ಪೆನ್‌ಡ್ರೈವಿನಲ್ಲಿ ಮಕ್ಕಳ ವಿವರವಾಗಲಿ, ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಕ್ಕಳ ಫೋಟೋ ಆಗಲಿ ಹೊರಗೆ ಹೋಗಕೂಡದು. ಸೇವೆಯ ಉತ್ಸಾಹ ಈ ತಪ್ಪಿಗೆ ಸಮಾಧಾನವಾಗಲಾರದು.

ಇದನ್ನೆಲ್ಲ ಓದಿದ ತಂದೆತಾಯಿಗಳು ಕೇಳಬಹುದು: ‘ಇದರಿಂದ ನಮ್ಮ ಹುಡುಗನಿಗೆ ಮಾರ್ಕ್ಸ್ ಬರುತ್ತದೆಯೆ?’ ಬರಲಿಕ್ಕಿಲ್ಲ. ಆದರೆ ಪುಸ್ತಕದಲ್ಲಿಲ್ಲದ ಒಂದು ಪ್ರಯೋಗ ಅವನಿಗೆ ಸಿಗುತ್ತದೆ. ತನಗೆ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ತಿಳಿಸುವಾಗಲೇ ತನಗೆ ಎಷ್ಟು ಗೊತ್ತು ಎಂಬುದು ತಿಳಿಯುವುದು. ‘ನಾನು ಮುಟ್ಟಿದ್ರೆ ಕೆಟ್ಟುಹೋಗುತ್ತಪ್ಪಾ, ನೀನೇ ಮಾಡಿಬಿಡು’ ಎನ್ನುತ್ತಾರೆ ವಾರ್ಡನ್ ಅಮ್ಮ. ಮಾಡಿಬಿಟ್ಟರೆ ಎರಡು ನಿಮಿಷದ ಕೆಲಸ. ‘ಇಲ್ಲ ಅಮ್ಮಾ, ಕೆಡೋದಿಲ್ಲ. ನೀವೇ ಒತ್ತಿ, ನಾನು ಪಕ್ಕದಲ್ಲೇ ಇರ್ತೀನಿ’ ಎಂದರೆ ಇಪ್ಪತ್ತು ನಿಮಿಷ. ಆ ಹೆಚ್ಚಿನ ಹದಿನೆಂಟು ನಿಮಿಷವೇ ನಿಜವಾದ ದಾನ. ಕೀಲಿಮಣೆಯಿಂದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಾಯುವುದನ್ನು ಕಲಿತ ಹುಡುಗ ಅಥವಾ ಹುಡುಗಿ ಮುಂದೆ ಎಂಜಿನಿಯರೇ ಆಗಲಿ, ವೈದ್ಯರೇ ಆಗಲಿ, ಶಿಕ್ಷಕರೇ ಆಗಲಿ, ಜನ ನಂಬುವಂಥವರಾಗುತ್ತಾರೆ.

ಸ್ವಯಂಸೇವಕ ಬಂದ ದಿನ ಕೆಲಸ ನಡೆಯುವುದು ಸಹಜ. ಅವನು ಬಾರದ ವಾರವೂ ವಾರ್ಡನ್ ಅಮ್ಮ ತಾವೇ ಕಂಪ್ಯೂಟರಿನ ಮುಂದೆ ಕುಳಿತು, ಕನ್ನಡಕ ಸರಿಮಾಡಿಕೊಂಡು, ಹೊಸ ದಾನಿಯ ಹೆಸರನ್ನು ತಪ್ಪಿಲ್ಲದೆ ಸೇರಿಸುವಂತಾದರೆ ಅವನು ಪಾಸಾದ ಎಂದು ತಿಳಿಯಬೇಕು. ಈ ಪರೀಕ್ಷೆಗೆ ಗೈಡು ಸಿಗುವುದಿಲ್ಲ. ನಿಮ್ಮ ಊರಿನಲ್ಲೂ ಒಂದು ಕಂಪ್ಯೂಟರು ಪಂಚೆ ಹೊದ್ದು ಮಲಗಿರಬಹುದು. ಮುಂದಿನ ಶನಿವಾರ ಹೋಗಿ ವಿಚಾರಿಸಿ.