ನಿಷೇಧದ ದಿನ ಏರಿದ ಷೇರು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯ ಅಂಚಿನಲ್ಲಿ, ಬಿ.ಜಿ. ಕೆರೆಯಲ್ಲಿ ನಮ್ಮ ಅಂಗಡಿಯಿದೆ. ಶೇಂಗಾ ಖರೀದಿಸಿ ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಕಳುಹಿಸುವುದು ತಂದೆಯವರ ಕಾಲದಿಂದ ಬಂದ ವ್ಯಾಪಾರ, ಜೊತೆಗೆ ಕಿರಾಣಿ. ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಓದುತ್ತಿರುವ ಪರಿಚಯಸ್ಥರ ಮಗನೊಬ್ಬ ಬಸ್ಸು ಬರುವವರೆಗೆ ನಮ್ಮ ಅಂಗಡಿಯಲ್ಲಿ ಕುಳಿತಿದ್ದು ಹೊರಟನು. ಅವನು ಕುಳಿತಿದ್ದ ಚೀಲದ ಮೇಲೆ ಲೇಖನಿಯಂತಹ ಒಂದು ವಸ್ತು ಉಳಿದಿತ್ತು. ಕೈಗೆತ್ತಿಕೊಂಡರೆ ಮಾವಿನ ಹಣ್ಣಿನ ವಾಸನೆ. ಕಂಪ್ಯೂಟರಿಗೆ ಸಂಬಂಧಿಸಿದ ಯಾವುದೋ ಸಾಮಾನು ಇರಬೇಕೆಂದು ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟೆನು.

ಮರುವಾರ ಅವನು ಬಂದಾಗ ವಿಷಯ ತಿಳಿಯಿತು. ಅದು ಈ-ಸಿಗರೇಟು. ನಾನು ಗದರಿದಾಗ ಅವನು ತಲೆ ತಗ್ಗಿಸಲಿಲ್ಲ. “ಇದರಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ, ಬರೀ ಆವಿ. ಸರ್ಕಾರ ಇದನ್ನು ನಿಷೇಧಿಸಿದೆ, ಸರಿ. ಆದರೆ ನಿಮ್ಮ ಅಂಗಡಿಯ ಪಕ್ಕದ ಗೂಡಂಗಡಿಯಲ್ಲಿ ಸಿಗರೇಟು ನೇತುಹಾಕಿದ್ದಾರಲ್ಲ, ಅದಕ್ಕೆ ಏಕೆ ನಿಷೇಧವಿಲ್ಲ?” ಎಂದನು. ಆ ಗೂಡಂಗಡಿ ನಿಂತಿರುವ ಜಾಗ ನನ್ನದು. ತಿಂಗಳಿಗೊಮ್ಮೆ ಬಾಡಿಗೆ ಪಡೆಯುವವನು ನಾನು. ಅದು ಆ ಹುಡುಗನಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ವಾಚಕರಲ್ಲಿ ಹಿರಿಯರಾದವರಿಗೆ ಈ ವಸ್ತುವಿನ ಪರಿಚಯವಿರಲಾರದು. ಒಂದು ಪುಟ್ಟ ಬ್ಯಾಟರಿ, ಅದರಿಂದ ಕಾಯುವ ತಂತಿಯ ಸುರುಳಿ, ಗ್ಲಿಸರಿನ್ ಮೊದಲಾದವುಗಳಲ್ಲಿ ನಿಕೋಟಿನ್ ಮತ್ತು ಸುವಾಸನೆಗಳನ್ನು ಬೆರೆಸಿದ ದ್ರವ – ಇಷ್ಟೇ ಇದರ ಶರೀರ. ಎಳೆದಾಗ ದ್ರವ ಕಾದು ಆವಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಚೀನಾದ ಹೊನ್ ಲಿಕ್ ಎಂಬ ಔಷಧತಜ್ಞರು 2003ರಲ್ಲಿ ಇದರ ಇಂದಿನ ರೂಪವನ್ನು ಸಿದ್ಧಪಡಿಸಿದರು. ಬೆಂಕಿ ಇಲ್ಲವೆಂಬುದು ನಿಜ, ಆದರೆ ನಿಕೋಟಿನ್ ಇದೆ. ಅದು ಹೊಗೆಸೊಪ್ಪಿನ ಗಿಡವು ತನ್ನನ್ನು ತಿನ್ನಬರುವ ಕೀಟಗಳನ್ನು ಕೊಲ್ಲಲು ಮಾಡಿಕೊಂಡಿರುವ ವಿಷ. ಆ ವಿಷದಿಂದ ತಯಾರಾಗುವ ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕವನ್ನು ನಮ್ಮ ಸರ್ಕಾರ ದೇಶದೊಳಗಿನ ಬಳಕೆಗೆ ನಿಷೇಧಿಸಿ, ರಫ್ತಿಗಾಗಿ ತಯಾರಿಸಲು ಮಾತ್ರ ಅನುಮತಿ ನೀಡಿದೆ. ಈ ಸಂಗತಿಯನ್ನು ವಾಚಕರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕು.

ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಿನಲ್ಲಿಯೇ ಈ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ನಿಷೇಧ ಹೇರಿದ್ದು 2019ರಲ್ಲಿ. ಆ ವರ್ಷದ ಸೆಪ್ಟೆಂಬರ್ 18ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಸಂಪುಟದ ತೀರ್ಮಾನವನ್ನು ಪ್ರಕಟಿಸಿದರು. ಸುಗ್ರೀವಾಜ್ಞೆಯು ಡಿಸೆಂಬರಿನಲ್ಲಿ ಕಾಯಿದೆಯಾಯಿತು. ತಯಾರಿಕೆ, ಆಮದು, ರಫ್ತು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದಾಸ್ತಾನನ್ನು ಬಿಟ್ಟು ಉಳಿದವುಗಳಲ್ಲಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಸೆರೆಮನೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದುವವನನ್ನು ದಂಡಿಸುವ ಕಲಮು ಅದರಲ್ಲಿಲ್ಲ.

ಆ ಸೆಪ್ಟೆಂಬರ್ 18ರ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಟೀವಿಯಲ್ಲಿ ಸುದ್ದಿ ಬಂದೊಡನೆ ಷೇರುಪೇಟೆಯ ಅಂಕಿಗಳತ್ತ ನೋಡಿದೆನು. ಗಾಡ್‌ಫ್ರೆ ಫಿಲಿಪ್ಸ್, ಐಟಿಸಿ ಮುಂತಾದ ಸಿಗರೇಟು ಕಂಪನಿಗಳ ಷೇರುಗಳು ಏರಿದವು. ನನ್ನ ಬಳಿಯೂ ಒಂದು ಸಿಗರೇಟು ಕಂಪನಿಯ ಷೇರುಗಳಿದ್ದವು. ಯಾವ ಕಂಪನಿ ಎಂಬುದು ಇಲ್ಲಿ ಬೇಡ, ದೋಷ ನನ್ನದು. ಬಿ.ಕಾಂ. ಓದಿ ಅಂಗಡಿಗೆ ಕುಳಿತ ಮೇಲೆ ಷೇರು ವ್ಯವಹಾರದ ಹುಚ್ಚು ಹತ್ತಿದ್ದ ಕಾಲದಲ್ಲಿ ಕೊಂಡವು. ಅಂದು ಮನಸ್ಸಿಗೆ ಹಿತವಾಯಿತು. ಅಷ್ಟೇ ಅಲ್ಲ, ಮನೆಯಲ್ಲಿ ಎಲ್ಲರೆದುರು “ಸರ್ಕಾರ ಒಳ್ಳೆಯ ಕೆಲಸ ಮಾಡಿತು” ಎಂದೆನು. ಆ ಮಾತಿನಲ್ಲಿ ಧರ್ಮವೆಷ್ಟು, ಲಾಭವೆಷ್ಟು ಎಂದು ನಾನು ಬಿಡಿಸಿ ನೋಡಲಿಲ್ಲ.

ನಮ್ಮ ಅಂಗಡಿಯಲ್ಲಿ ತಂದೆಯವರ ಕಾಲದಲ್ಲಿ ಬೀಡಿಯ ಕಟ್ಟುಗಳು ಮಾರಾಟವಾಗುತ್ತಿದ್ದವು. ತಂದೆಯವರು ರಾತ್ರಿಭೋಜನ ಮಾಡಿದವರಲ್ಲ. ನೀರನ್ನು ಸೋಸದೆ ಕುಡಿದವರಲ್ಲ. ಆದರೂ ಬೀಡಿ ಇಲ್ಲವೆಂದರೆ ಗಿರಾಕಿ ಅಕ್ಕಿ ಬೇಳೆಗೂ ಬೇರೆ ಅಂಗಡಿಗೆ ಹೋಗುತ್ತಾನೆಂಬ ಭಯ. ದೀಪಾವಳಿಯಲ್ಲಿ ಹೊಸ ಖಾತೆ ಬರೆಯುವಾಗ ಬೀಡಿಯ ಹಣವನ್ನು ಆ ಹೆಸರಿನಲ್ಲಿ ಬರೆಯದೆ ‘ಚಿಲ್ಲರೆ’ ಎಂದು ಬರೆಯುತ್ತಿದ್ದರು. ಚಿಲ್ಲರೆಯ ಮೊತ್ತ ಮಾತ್ರ ಚಿಲ್ಲರೆಯಾಗಿರಲಿಲ್ಲ. ನಮ್ಮಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬನು ನಮ್ಮ ಅಂಗಡಿಯ ಬೀಡಿಯನ್ನೇ ಸೇದಿ, ಕೆಮ್ಮಿ ಕೆಮ್ಮಿ, ಕೊನೆಗೆ ಮೂಟೆಯ ಪಕ್ಕದಲ್ಲಿ ಕೂರಲೂ ಆಗದೆ ಹೋದನು. ಅವನು ತೀರಿಕೊಂಡ ಮರುವರ್ಷ, 1998ರಲ್ಲಿ, ನಾನು ಬೀಡಿ ತರಿಸುವುದನ್ನು ನಿಲ್ಲಿಸಿದೆನು. ಮುನಿಶ್ರೀಗಳ ಎದುರಿಗೆ ನಿಯಮ ತೆಗೆದುಕೊಂಡೆನು. ಅದು ನನ್ನ ಹೆಮ್ಮೆಯ ಸಂಗತಿಯಾಗಿತ್ತು. ಷೇರುಗಳು ಮಾತ್ರ ಕಪಾಟಿನಲ್ಲಿಯೇ ಇದ್ದವು, ಗೂಡಂಗಡಿಯ ಬಾಡಿಗೆಯೂ ಬರುತ್ತಿತ್ತು.

ತತ್ತ್ವಾರ್ಥಸೂತ್ರವನ್ನು ಸ್ವಾಧ್ಯಾಯ ಮಾಡುವವರಿಗೆ ನೂರೆಂಟರ ಲೆಕ್ಕ ತಿಳಿದಿರುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ವಾಣಿಜ್ಯ ಪದವೀಧರನಾದ ನನಗೆ ಇದು ಬಹಳ ಪ್ರಿಯವಾದ ಗುಣಾಕಾರ. ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೇನೆ. 1998ರಲ್ಲಿ ನಾನು ಬಿಟ್ಟದ್ದು ಕೃತವನ್ನು ಮಾತ್ರ. ಕಾರಿತವು ಬಾಡಿಗೆಯ ರೂಪದಲ್ಲಿ, ಅನುಮತವು ಡಿವಿಡೆಂಡಿನ ರೂಪದಲ್ಲಿ ನನ್ನ ಬಳಿಗೆ ಬರುತ್ತಲೇ ಇದ್ದವು.

ಈಗ ಹುಡುಗನ ಪ್ರಶ್ನೆಗೆ ಬರೋಣ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಮಂದಿ, ಎಂದರೆ ಸುಮಾರು 26 ಕೋಟಿ 70 ಲಕ್ಷ ಜನ, ಒಂದಲ್ಲ ಒಂದು ರೀತಿಯಲ್ಲಿ ತಂಬಾಕು ಬಳಸುವವರು; ಕರ್ನಾಟಕದಲ್ಲಿ ಶೇಕಡಾ 22.8. ಈ-ಸಿಗರೇಟು ಬಳಸುವವರು ಇದರ ಮುಂದೆ ಲೆಕ್ಕಕ್ಕೂ ಬಾರದಷ್ಟು. ಬೇರೂರುವ ಮುನ್ನವೇ ಕೀಳಬೇಕೆಂಬ ಸರ್ಕಾರದ ವಾದದಲ್ಲಿ ವಿವೇಕವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇರೂರಿದ ಮರದ ಮಾತೇನು?

ಆ ಮರದ ಒಡೆಯರು ನಮ್ಮ ಹೈಕೋರ್ಟಿನಲ್ಲಿ ಹೇಗೆ ಹೋರಾಡಿದರೆಂಬುದು ಈಚಿನ ಇತಿಹಾಸ. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮ 2016ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಸಿಗರೇಟು ಕಂಪನಿಗಳು ಪ್ರತಿಭಟಿಸಿ ತಮ್ಮ ಕಾರ್ಖಾನೆಗಳನ್ನೇ ನಿಲ್ಲಿಸಿದವು. ಸುಪ್ರೀಂ ಕೋರ್ಟು ದೇಶದ ಎಲ್ಲ ಮೊಕದ್ದಮೆಗಳನ್ನೂ ಕರ್ನಾಟಕ ಹೈಕೋರ್ಟಿಗೆ ಒಪ್ಪಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟು ನಿಯಮವನ್ನು ರದ್ದುಪಡಿಸಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿದ್ದರಿಂದ ಚಿತ್ರಗಳು ಉಳಿದವು. ಒಂದು ಚಿತ್ರದ ಅಳತೆಗಾಗಿ ಇಷ್ಟು ಆವೇಶ ತೋರಿದವರು ಈ-ಸಿಗರೇಟಿನ ಸಂಪೂರ್ಣ ನಿಷೇಧ ಬಂದಾಗ ಅಂತಹ ಆವೇಶವನ್ನೇನೂ ತೋರಲಿಲ್ಲ. ಐಟಿಸಿಯೂ 2014ರಲ್ಲಿ ಇಯಾನ್ ಎಂಬ ಹೆಸರಿನಲ್ಲಿ ಈ-ಸಿಗರೇಟನ್ನು ಮಾರುಕಟ್ಟೆಗೆ ತಂದಿತ್ತು. ಅದು ಅಲ್ಲಿಗೇ ಮುಗಿಯಿತು. 2019ರಲ್ಲಿ ಭಾರತಕ್ಕೆ ಕಾಲಿಡಲು ಅಮೆರಿಕದ ಜೂಲ್ ಕಂಪನಿ ಸಿದ್ಧತೆ ನಡೆಸಿತ್ತು. ಮಾರ್ಲ್‌ಬರೊ ಸಿಗರೇಟಿನ ಅಮೆರಿಕದ ಒಡೆಯರಾದ ಆಲ್ಟ್ರಿಯಾ 2018ರ ಡಿಸೆಂಬರಿನಲ್ಲಿ 1,280 ಕೋಟಿ ಡಾಲರ್ ತೆತ್ತು ಅದೇ ಜೂಲ್‌ನ ಶೇಕಡಾ 35 ಪಾಲನ್ನು ಕೊಂಡಿತ್ತು. ಭಾರತದಲ್ಲಿ ಹೊಸಬನಿಗೆ ಬಾಗಿಲು ಮುಚ್ಚಿತು. ಹಳಬನು ಒಳಗೇ ಇದ್ದನು. ಷೇರು ಏರಿದ್ದು ಅದಕ್ಕೆ.

ಈ ಹಳಬನ ಮನೆಯಲ್ಲಿ ಯಾರು ಯಾರಿದ್ದಾರೆ? ಐಟಿಸಿಯಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿಗೆ ಕಾಲು ಭಾಗಕ್ಕೆ ಸಮೀಪದ ಪಾಲಿದೆ. ಅದೇ ಕಂಪನಿ ಹೊರದೇಶಗಳಲ್ಲಿ ವ್ಯೂಸ್ ಹೆಸರಿನ ಈ-ಸಿಗರೇಟು ಮಾರುತ್ತದೆ. ನಮ್ಮ ಜೀವವಿಮಾ ನಿಗಮದ್ದೂ ದೊಡ್ಡ ಪಾಲು. ಎಂದರೆ ಮಗಳ ಮದುವೆಗೆಂದು ವಿಮೆಯ ಕಂತು ಕಟ್ಟುವ ಶ್ರಾವಕನೂ ಅರಿಯದೆ ಆ ಪಂಕ್ತಿಯಲ್ಲಿ ಕುಳಿತಿದ್ದಾನೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ವಾಣಿಜ್ಯ ಮಂತ್ರಾಲಯಕ್ಕೆ ಸೇರಿದ ತಂಬಾಕು ಮಂಡಳಿಯೇ ಹರಾಜು ಹಾಕಿಸುತ್ತದೆ. ನಿಷೇಧದ ಮರುವರ್ಷ, 2020ರಲ್ಲಿ, ಐಟಿಸಿಯು ಇಂಡಿವಿಷನ್ ಎಂಬ ಅಂಗಸಂಸ್ಥೆಯನ್ನು ಸ್ಥಾಪಿಸಿ, ರಫ್ತಿಗಾಗಿ ಶುದ್ಧ ನಿಕೋಟಿನ್ ತಯಾರಿಸುವ ಕಾರ್ಖಾನೆಯನ್ನು ಮೈಸೂರಿನ ಬಳಿ ಕಟ್ಟಿತು. ಆ ನಿಕೋಟಿನ್ ಸಿಗರೇಟು ಬಿಡಿಸುವ ಔಷಧಕ್ಕೂ ಹೋಗಬಹುದು, ಹೊರದೇಶದ ಹುಡುಗರು ಎಳೆಯುವ ಆವಿಗೂ ಹೋಗಬಹುದು. ಕಾಯಿದೆಗೆ ಅದರಿಂದ ಭಂಗವಿಲ್ಲ. ಕೀಟನಾಶಕದ ವಿಚಾರದಲ್ಲಿ ಹೇಳಿದ ಮಾತು ಇಲ್ಲಿಯೂ ಹೊಂದುತ್ತದೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸುವಾಗ ಪಡೆಯುವವನು ಸ್ವದೇಶದವನೇ ಪರದೇಶದವನೇ ಎಂದು ಭೇದ ಮಾಡಿಲ್ಲ.

ಪ್ರತಿವಾದಿಗಳ ಮಾತನ್ನೂ ಕೇಳಬೇಕು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2015ರಲ್ಲಿ ಈ-ಸಿಗರೇಟು ಸಿಗರೇಟಿಗಿಂತ ಶೇಕಡಾ 95ರಷ್ಟು ಕಡಿಮೆ ಹಾನಿಕರವೆಂದು ಅಂದಾಜು ಮಾಡಿತು. ಆ ಅಂಕಿಯನ್ನು ಅನೇಕ ವೈದ್ಯರು ಒಪ್ಪಲಿಲ್ಲ. ಆದರೂ ಅಣುವ್ರತಿಗಳಾದ ನಾವು ‘ಅಲ್ಪಹಿಂಸೆ’ ಎಂಬ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮೂವತ್ತು ವರ್ಷ ಸೇದಿದವನೊಬ್ಬ ಹೆಚ್ಚಿನ ವಿಷವನ್ನು ಬಿಟ್ಟು ಕಡಿಮೆ ವಿಷಕ್ಕೆ ಬಂದರೆ ಅವನ ಕುಟುಂಬಕ್ಕೆ ಅದು ಸಣ್ಣ ಸಂಗತಿಯಲ್ಲ. ಹಾಗೆ ಬರುವ ದಾರಿಯನ್ನು ಮುಚ್ಚಿ, ಹೆಚ್ಚಿನ ವಿಷವನ್ನು ಬಸ್ ನಿಲ್ದಾಣದಲ್ಲಿ ನೇತುಹಾಕಿರುವುದು ಯಾವ ನ್ಯಾಯ? ಇನ್ನೊಂದೆಡೆ ಮಾವಿನ ವಾಸನೆ ಮೂವತ್ತು ವರ್ಷ ಸೇದಿದವನಿಗಾಗಿ ಇಟ್ಟದ್ದಲ್ಲವೆಂಬುದೂ ಸ್ಪಷ್ಟ. ಬ್ರಿಟನ್ನಿನ ಸರ್ಕಾರವೇ ಒಮ್ಮೆ ಬಳಸಿ ಎಸೆಯುವ ಈ-ಸಿಗರೇಟುಗಳನ್ನು 2025ರ ಜೂನ್ 1ರಿಂದ ನಿಷೇಧಿಸಿತು. ನನ್ನ ಅಭಿಪ್ರಾಯ ಕೇಳಿದರೆ, 2019ರ ನಿಷೇಧ ತಪ್ಪಲ್ಲ, ಅರ್ಧ. ಅರ್ಧದಲ್ಲಿ ನಿಂತ ನಿಷೇಧದಿಂದ ಉಳಿದರ್ಧಕ್ಕೆ ಲಾಭವಾಗುತ್ತದೆ, ಮತ್ತು ಆ ಲಾಭದಲ್ಲಿ ನನಗೂ ಪಾಲಿತ್ತು.

ಹುಡುಗನಿಗೆ ಅಂದು ಇಷ್ಟನ್ನೆಲ್ಲ ಹೇಳಲಿಲ್ಲ. “ನಿನ್ನ ಪ್ರಶ್ನೆ ಸರಿಯಾಗಿದೆ” ಎಂದು ಮಾತ್ರ ಹೇಳಿದೆನು. ಅವನು ಆ ವಸ್ತುವನ್ನು ಗಲ್ಲಾಪೆಟ್ಟಿಗೆಯಲ್ಲಿಯೇ ಬಿಟ್ಟುಹೋದನು.

ಷೇರುಗಳನ್ನು ಮಾರಿದೆನು. ಅಸಲನ್ನು ಇಟ್ಟುಕೊಂಡು, ಲಾಭವನ್ನು ನಮ್ಮ ಟ್ರಸ್ಟಿನ ಪಾಠಶಾಲೆಗೆ ಕೊಡುತ್ತೇನೆಂದಾಗ ಹಿರಿಯ ಟ್ರಸ್ಟಿಯೊಬ್ಬರು “ಹಮಾಲಿಯ ಮನೆಯವರು ಈಗೆಲ್ಲಿದ್ದಾರೆ?” ಎಂದು ಕೇಳಿದರು. ಹುಡುಕಿಸುತ್ತಿದ್ದೇನೆ. ಅಲ್ಲಿಯವರೆಗೆ ಹಣ ಬೇರೆ ಖಾತೆಯಲ್ಲಿದೆ. ಖಾತೆಯಲ್ಲಿ ಈ ಸಲ ‘ಚಿಲ್ಲರೆ’ ಎಂದು ಬರೆದಿಲ್ಲ.

ಗೂಡಂಗಡಿಯದು ಇನ್ನೂ ಕಷ್ಟ. ಅದನ್ನು ನಡೆಸುವವಳು ಇಬ್ಬರು ಮಕ್ಕಳ ವಿಧವೆ. ಹೊಗೆಸೊಪ್ಪಿನ ಸಾಮಾನು ತೆಗೆದರೆ ಅರ್ಧ ಬಾಡಿಗೆ ಬಿಡುತ್ತೇನೆಂದೆನು. “ಬಸ್ಸಿನವರು ಸಿಗರೇಟಿಗೆ ಇಳಿದು ಚಹಾ ಕುಡಿಯುತ್ತಾರೆ ಸ್ವಾಮಿ, ಚಹಾಕ್ಕಾಗಿ ಇಳಿಯುವುದಿಲ್ಲ” ಎಂದಳು. ಅವಳ ಲೆಕ್ಕ ನನ್ನ ಬಿ.ಕಾಂ. ಲೆಕ್ಕಕ್ಕಿಂತ ಸರಿಯಾಗಿತ್ತು. ಪೂರ್ತಿ ಬಾಡಿಗೆ ಬಿಟ್ಟು, ಆರು ತಿಂಗಳು ನೋಡೋಣವೆಂದು ಒಪ್ಪಿಸಿದ್ದೇನೆ. ಈಗ ಮೂರನೆಯ ತಿಂಗಳು. ನಮ್ಮ ಟ್ರಸ್ಟಿಗೂ ಪೇಟೆಯಲ್ಲಿ ಆರು ಮಳಿಗೆಗಳಿವೆ; ಅವುಗಳಲ್ಲಿ ಎರಡರ ಮುಂದೆ ಅದೇ ಸರಕು ನೇತಾಡುತ್ತದೆ. ಬಾಡಿಗೆಯ ಕರಾರಿನಲ್ಲಿ ಒಂದು ಷರತ್ತು ಸೇರಿಸಬೇಕೆಂಬ ನನ್ನ ಸೂಚನೆಯನ್ನು ಕಾರ್ಯದರ್ಶಿಗಳು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಏಳನೆಯ ವಿಷಯವಾಗಿ ಹಾಕಿದ್ದಾರೆ.