ಯಂತ್ರಗಳ ಪೌತಿ ಖಾತೆ

ಊರಿನಲ್ಲಿ ತುಂಡು ಜಮೀನು ಉಳಿಸಿಕೊಂಡು ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ‘ಪೌತಿ ಖಾತೆ’ ಎಂಬ ಮಾತು ಚೆನ್ನಾಗಿ ಗೊತ್ತು. ಅಜ್ಜ ತೀರಿಕೊಂಡು ದಶಕಗಳು ಕಳೆದರೂ ಪಹಣಿಯಲ್ಲಿ ಅವರ ಹೆಸರೇ ನಿಂತಿರುತ್ತದೆ. ಸಾಲ ಕೇಳಲು ಹೋದಾಗಲೋ ಪಾಲು ಮಾಡಿಕೊಳ್ಳಲು ಕುಳಿತಾಗಲೋ ಆ ಹೆಸರು ಅಡ್ಡ ಬರುತ್ತದೆ. ‘ಪೌತಿ’ಯ ಮೂಲವಾದ ‘ಫೌತ್’ ಎಂಬ ಪದವನ್ನು ನಾವಿರುವ ಹೈದರಾಬಾದಿನ ಹಳೆಯ ಮೊಹಲ್ಲಾಗಳಲ್ಲಿ ಇಂದಿಗೂ ಕೇಳಬಹುದು. ಸಾವು ಒಂದು ಘಟನೆ. ದಾಖಲೆಯಿಂದ ಹೆಸರು ಇಳಿಸುವುದು ಬೇರೆಯೇ ಒಂದು ಕೆಲಸ. ಈ ವ್ಯತ್ಯಾಸದ ತೂಕ ನಮಗೆ ತಿಳಿದದ್ದು ಕಚೇರಿಯ ಸರ್ವರ್ ಕೋಣೆಯಲ್ಲಿ.

ಇಂಗ್ಲಿಷ್ ಎಂ.ಎ. ಮುಗಿಸಿ ಕೇಂದ್ರ ಸರ್ಕಾರದ ಸೇವೆಗೆ ಸೇರಿದ ನಮ್ಮ ಪಾಲಿಗೆ, ಬಡ್ತಿ ವರ್ಗಾವಣೆಗಳ ನಡುವೆ, ಡೈರೆಕ್ಟರಿ ಸರ್ವರುಗಳ ಉಸ್ತುವಾರಿ ಬಂದಿತು. ಡೈರೆಕ್ಟರಿ ಎಂದರೆ ಕಚೇರಿಯ ಹಾಜರಿ ಪುಸ್ತಕ, ದೂರವಾಣಿ ಪುಸ್ತಕ, ಬೀಗದ ಕೈ ಗೊಂಚಲು ಮೂರೂ ಒಂದಾದದ್ದು: ಯಾರು ನೌಕರರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಓದಿ ಬರೆಯುವ ಎಲ್‌ಡಿಎಪಿ ಎಂಬ ಪದ್ಧತಿ 1993ರ ಹೊತ್ತಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದಕ್ಕೆ ಮೀಸಲಾದ ಪೋರ್ಟ್ ಸಂಖ್ಯೆ 389. ಆ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ ‘389 ಡೈರೆಕ್ಟರಿ ಸರ್ವರ್’ ಎಂಬ ಮುಕ್ತ ತಂತ್ರಾಂಶ ನಮ್ಮಲ್ಲಿದೆ. ಒಂದು ಯಂತ್ರ ಕೆಟ್ಟರೆ ಕೆಲಸ ನಿಲ್ಲಬಾರದೆಂದು ಅದೇ ಮಾಹಿತಿಯನ್ನು ನಾಲ್ಕು ಯಂತ್ರಗಳಲ್ಲಿ ಇರಿಸಲಾಗಿತ್ತು; ಎಲ್ಲಿ ಬರೆದರೂ ಉಳಿದ ಕಡೆಗೆ ತಲುಪುತ್ತಿತ್ತು.

ಇಂಥ ಪ್ರತಿ ಯಂತ್ರಕ್ಕೂ 1ರಿಂದ 65534ರೊಳಗಿನ ಒಂದು ಸಂಖ್ಯೆ ಉಂಟು. ಪ್ರತಿ ತಿದ್ದುಪಡಿಯೂ ತಾನು ಹುಟ್ಟಿದ ಗಳಿಗೆಯನ್ನೂ ಹುಟ್ಟಿದ ಯಂತ್ರದ ಸಂಖ್ಯೆಯನ್ನೂ ಹೊತ್ತು ಹೊರಡುತ್ತದೆ. ‘ಇಂಥ ಸಂಖ್ಯೆಯಿಂದ ಇಷ್ಟರವರೆಗಿನ ಸುದ್ದಿ ನನಗೆ ತಲುಪಿದೆ’ ಎಂಬ ಪಟ್ಟಿಯೊಂದನ್ನು ಪ್ರತಿ ಯಂತ್ರವೂ ಇಟ್ಟುಕೊಂಡಿರುತ್ತದೆ. ಇದಕ್ಕೆ ಆರ್‌ಯುವಿ ಎಂದು ಹೆಸರು. ಎರಡು ಯಂತ್ರಗಳು ಸಂಧಿಸಿದಾಗ ಮೊದಲು ಈ ಪಟ್ಟಿಗಳನ್ನು ತಾಳೆ ನೋಡಿಕೊಳ್ಳುತ್ತವೆ. ಒಂದು ಯಂತ್ರ ಸತ್ತರೂ ಉಳಿದವುಗಳ ಪಟ್ಟಿಯಲ್ಲಿ ಅದರ ಸಂಖ್ಯೆ, ವಿಳಾಸ ಹಾಗೆಯೇ ಇರುತ್ತವೆ. ಓದಲು ಮಾತ್ರ ಇರುವ ಯಂತ್ರವು, ತಿದ್ದುಪಡಿ ಹಿಡಿದು ಬಂದವರನ್ನು ಸತ್ತ ಯಂತ್ರದ ವಿಳಾಸಕ್ಕೆ ಕಳುಹಿಸುವುದೂ ಉಂಟು.

ನಮ್ಮಲ್ಲಿ 7ನೆಯ ಸಂಖ್ಯೆಯ ಹಳೆಯ ಯಂತ್ರವನ್ನು, ನಿರ್ವಹಣೆಯ ಗುತ್ತಿಗೆ ಮುಗಿದ ದಿನ, ಗುತ್ತಿಗೆದಾರರ ಕಡೆಯವರು ಸುಮ್ಮನೆ ಆರಿಸಿ ಹೋಗಿದ್ದರು. ಮೂರು ವಾರಗಳ ಬಳಿಕ ಅದರ ಹೆಸರು ಇಳಿಸುವ ಕೆಲಸ ನಮ್ಮ ಮೇಜಿಗೆ ಬಂದಿತು. ಇದಕ್ಕೆಂದೇ ‘ಕ್ಲೀನ್‌ಆಲ್‌ಆರ್‌ಯುವಿ’ ಎಂಬ ಆದೇಶವಿದೆ. ಉಳಿದ ಯಂತ್ರಗಳಲ್ಲಿ ಒಂದಕ್ಕೆ ಕೊಟ್ಟರೆ ಸಾಕು, ಅದು ಮಿಕ್ಕವಕ್ಕೆ ದಾಟಿಸುತ್ತದೆ. ಆದರೆ ಎಲ್ಲವೂ ಹಾಜರಿದ್ದು, ಸತ್ತ ಯಂತ್ರದ ಸುದ್ದಿ ಎಲ್ಲಕ್ಕೂ ಸಮನಾಗಿ ತಲುಪಿದೆಯೆಂದು ಖಚಿತವಾಗುವವರೆಗೆ ಕಾಯುತ್ತದೆ. ಅಂದು ಶಾಖಾ ಕಚೇರಿಯ ಯಂತ್ರ ಸಂಪರ್ಕದಲ್ಲಿರಲಿಲ್ಲ. ಕಾಯದೆ ಬಲವಂತವಾಗಿ ಅಳಿಸುವ ಆಯ್ಕೆಯೂ ಇದೆ. “ಸತ್ತ ಯಂತ್ರದಲ್ಲಿ ಇನ್ನೇನಿರುತ್ತೆ, ಫೋರ್ಸ್ ಕೊಟ್ಟುಬಿಡೋಣ” ಎಂದರು ಕಿರಿಯ ಸಹೋದ್ಯೋಗಿ.

ನಾವು ಒಪ್ಪಲಿಲ್ಲ. ಗೈರುಹಾಜರಾದ ಯಂತ್ರದ ಪಟ್ಟಿಯಲ್ಲಿ 7 ಉಳಿದರೆ, ಅದು ಮರಳಿ ಬಂದ ದಿನ ಆ ಸಂಖ್ಯೆಯನ್ನು ಉಳಿದವಕ್ಕೂ ಮತ್ತೆ ಅಂಟಿಸಬಲ್ಲದು. ಮೇಲಾಗಿ, ಹ್ಯಾಮ್ಲೆಟ್ ಓದಿದವರಿಗೆ ಸತ್ತವರಲ್ಲೂ ಹೇಳಬೇಕಾದ ಮಾತೊಂದು ಉಳಿದಿರಬಹುದೆಂಬ ಅನುಮಾನ ಸಹಜ. ಹಳೆಯ ಯಂತ್ರಕ್ಕೆ ಇನ್ನೂ ಜೀವವಿತ್ತು. ಚಾಲೂ ಮಾಡಿ ಪಟ್ಟಿಗಳನ್ನು ತಾಳೆ ನೋಡಿದೆವು. ಅದರ ಕೊನೆಯ ಹನ್ನೊಂದು ತಿದ್ದುಪಡಿಗಳು ಎಲ್ಲಿಗೂ ತಲುಪಿರಲಿಲ್ಲ. ಹತ್ತು ಕ್ಷುಲ್ಲಕ: ದೂರವಾಣಿ ಸಂಖ್ಯೆ, ಕೊಠಡಿ ಸಂಖ್ಯೆ. ಹನ್ನೊಂದನೆಯದು, ಕೆಲಸ ಬಿಟ್ಟ ಗುತ್ತಿಗೆ ನೌಕರರೊಬ್ಬರ ಪ್ರವೇಶವನ್ನು ರದ್ದುಪಡಿಸಿದ ಆದೇಶ. ಮೂರು ವಾರಗಳಿಂದ ಉಳಿದ ಯಂತ್ರಗಳಲ್ಲಿ ಆ ಖಾತೆ ಜೀವಂತವಾಗಿಯೇ ಇತ್ತು. ಬಲವಂತವಾಗಿ ಅಳಿಸಿದ್ದರೆ ಪಟ್ಟಿ ಶುಚಿಯಾಗಿ ಕಾಣುತ್ತಿತ್ತು. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು.

ಮರುದಿನ ಶಾಖೆಯ ಯಂತ್ರ ಮರಳಿತು. ಹನ್ನೊಂದೂ ತಿದ್ದುಪಡಿಗಳು ಎಲ್ಲ ಕಡೆ ತಲುಪಿದವೆಂದು ನೋಡಿದ ಮೇಲೆ 7ರಲ್ಲಿ ಬರೆಯುವುದನ್ನು ನಿಲ್ಲಿಸಿ, ಉಳಿದ ಯಂತ್ರಗಳು ಅದರೊಡನೆ ಮಾಡಿಕೊಂಡಿದ್ದ ಒಪ್ಪಂದಗಳನ್ನು ತೆಗೆದು, ಅದನ್ನು ಆರಿಸಿ, ಕೊನೆಗೆ ಆದೇಶ ಕೊಟ್ಟೆವು. ಕೊಡುವ ಮುನ್ನ ಸಂಖ್ಯೆಯನ್ನು ಇಬ್ಬರು ಗಟ್ಟಿಯಾಗಿ ಓದಿದೆವು. ಬದುಕಿರುವ ಯಂತ್ರದ ಸಂಖ್ಯೆ ತಪ್ಪಿ ಬಿದ್ದರೆ ಅದರ ತಿದ್ದುಪಡಿಗಳನ್ನು ಉಳಿದವು ಕಡೆಗಣಿಸುತ್ತವೆ. ಆಮೇಲೆ ಅದಕ್ಕೆ ಹೊಸದಾಗಿ ಎಲ್ಲವನ್ನೂ ತುಂಬಿಸಬೇಕಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಮೂರೂ ಪಟ್ಟಿಗಳಿಂದ 7 ಇಳಿಯಿತು.

ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು. ದೂರದೂರಿನಿಂದ ರಜೆ ಹಾಕಿ ಹೋದವರಿಗೆ ಇದು ಬೇಸರದ ಅಲೆದಾಟ. ಆದರೂ ಅದು ಕೇಳುವುದು ಎರಡೇ ಪ್ರಶ್ನೆ: ಹೋದವರು ಬಿಟ್ಟುಹೋದದ್ದು ಸೇರಬೇಕಾದವರಿಗೆ ಸೇರಿದೆಯೆ? ಎಲ್ಲರಿಗೂ ವಿಷಯ ತಿಳಿದಿದೆಯೆ? ಈಗ ನಮ್ಮ ಕಚೇರಿಯಲ್ಲಿ ಯಾವ ಯಂತ್ರವನ್ನು ಆರಿಸುವ ಮೊದಲೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದು ಸಹಿ ಹಾಕಬೇಕು. ಹೊಸ ಯಂತ್ರಕ್ಕೆ 7 ಎಂಬ ಸಂಖ್ಯೆಯನ್ನು ಮತ್ತೆ ಕೊಡಕೂಡದೆಂದು ಅದೇ ರಿಜಿಸ್ಟರಿನ ಮೊದಲ ಪುಟದಲ್ಲಿ ದಾಖಲಾಗಿದೆ.